ಲೆಗೋದಲ್ಲಿ ಎರಡಡಿ ಎತ್ತರದ ಪಟ್ಟದ ಗೊಂಬೆ: ಅಳತೆಯಿಂದ ಪೇಟದವರೆಗೆ

ದಸರೆಗೆ ಮೆಟ್ಟಿಲ ಮೇಲೆ ಗೊಂಬೆ ಕೂರಿಸುವ ಮನೆಗಳಲ್ಲಿ ಮೊದಲ ಜಾಗ ಪಟ್ಟದ ರಾಜ-ರಾಣಿಗೆ. ಆ ರಾಜನನ್ನೇ ಲೆಗೋ ಬ್ರಿಕ್‌ಗಳಲ್ಲಿ ದೊಡ್ಡದಾಗಿ ಕಟ್ಟುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಪೆಟ್ಟಿಗೆಯಲ್ಲಿ ಬರುವ ರೆಡಿ ಸೆಟ್ ಅಲ್ಲ, ಸೂಚನೆಯ ಪುಸ್ತಕವೂ ಇಲ್ಲ. ಅಳತೆ ನಮ್ಮದೇ, ಮುಖವೂ ನಮ್ಮದೇ.

ಮೊದಲ ದೊಡ್ಡ ಶಿಲ್ಪಕ್ಕೆ ಪಟ್ಟದ ಗೊಂಬೆಗಿಂತ ಒಳ್ಳೆ ಪಾತ್ರ ನನಗೆ ಕಾಣುವುದಿಲ್ಲ. ನೆಟ್ಟಗೆ ನಿಂತಿರುತ್ತದೆ. ಕೈ ಮೈಗೆ ಅಂಟಿಕೊಂಡಿರುತ್ತದೆ. ಕಾಲನ್ನು ಪಂಚೆ ಮುಚ್ಚುತ್ತದೆ, ಹಾಗಾಗಿ ಬುಡ ಅಗಲವಾಗಿರಬಹುದು. ಓಡುವ, ಜಿಗಿಯುವ, ಒಂಟಿ ಕಾಲಲ್ಲಿ ನಿಲ್ಲುವ ಪಾತ್ರಗಳನ್ನು ಆಮೇಲೆ ನೋಡಿಕೊಳ್ಳಬಹುದು. ಕೆಳಗಿನ ಲೆಕ್ಕ ಒಮ್ಮೆ ಕೈಗೆ ಹತ್ತಿದರೆ ಯಕ್ಷಗಾನದ ವೇಷವನ್ನೂ ಕಟ್ಟಬಹುದು, ನಿಮ್ಮ ತಾತನನ್ನೂ ಕಟ್ಟಬಹುದು.

ಒಂದೇ ಒಂದು ಲೆಕ್ಕ

ಬ್ರಿಕ್‌ನ ಮೇಲಿರುವ ಗುಂಡು ಗುಬುಟಿಗೆ ಸ್ಟಡ್ ಅನ್ನುತ್ತಾರೆ. ಒಂದು ಸ್ಟಡ್‌ನ ಜಾಗ 8 ಮಿಲಿಮೀಟರ್ ಅಗಲ. ಒಂದು ಬ್ರಿಕ್‌ನ ಎತ್ತರ 9.6 ಮಿಲಿಮೀಟರ್. ತೆಳ್ಳಗಿನ ಪ್ಲೇಟ್ 3.2 ಮಿಲಿಮೀಟರ್. ಅಂದರೆ ಮೂರು ಪ್ಲೇಟ್ ಸೇರಿದರೆ ಒಂದು ಬ್ರಿಕ್. ಡೆನ್ಮಾರ್ಕಿನಲ್ಲಿ 1958ರ ಜನವರಿ 28ರಂದು ಈ ಬ್ರಿಕ್‌ಗೆ ಪೇಟೆಂಟ್ ಅರ್ಜಿ ಹಾಕಿದರು. ಆ ಕಾಲದ ಬ್ರಿಕ್ ಇವತ್ತಿನದಕ್ಕೂ ಕೂರುತ್ತದೆ. ಅಷ್ಟು ಬಿಗಿಯಾಗಿ ಅಳತೆ ಕಾಪಾಡಿಕೊಂಡು ಬಂದಿದ್ದಾರೆ.

ಈಗ ಐದು ಪ್ಲೇಟ್ ಪೇರಿಸಿ. 16 ಮಿಲಿಮೀಟರ್ ಆಯಿತು, ಅದು ಸರಿಯಾಗಿ ಎರಡು ಸ್ಟಡ್ ಅಗಲ. ಐದು ಪ್ಲೇಟ್ ಎತ್ತರ ಅಂದರೆ ಎರಡು ಸ್ಟಡ್ ಅಗಲ. ಇದನ್ನು ಕಾಗದದ ಮೇಲೆ ಬರೆದು ಕಣ್ಣೆದುರು ಅಂಟಿಸಿಕೊಳ್ಳಿ. ಬ್ರಿಕ್‌ಗಳನ್ನು ಅಡ್ಡ ತಿರುಗಿಸಿ ಮುಖ ಮಾಡುವಾಗ ಇದೇ ಲೆಕ್ಕ ಬೇಕು. ಒಳಗಿನ ಕಂಬಕ್ಕೆ ಬಲ ಕೊಡುವಾಗಲೂ ಇದೇ ಬೇಕು.

ಇನ್ನೊಂದು ವಿಷಯವೂ ಇದರಿಂದಲೇ ಬರುತ್ತದೆ. ಬ್ರಿಕ್ ಪಕ್ಕದಿಂದ ನೋಡಿದರೆ ಚೌಕ ಅಲ್ಲ, ಅಗಲಕ್ಕಿಂತ ಎತ್ತರ ಜಾಸ್ತಿ. ಹಾಗಾಗಿ ಸಾಮಾನ್ಯ ಗ್ರಾಫ್ ಹಾಳೆಯ ಚೌಕದಲ್ಲಿ ಗೊಂಬೆ ಬರೆದು ಒಂದು ಚೌಕಕ್ಕೆ ಒಂದು ಬ್ರಿಕ್ ಅಂತ ಕಟ್ಟಿದರೆ ಮುಖ ಐದನೇ ಒಂದು ಭಾಗದಷ್ಟು ಉದ್ದ ಎಳೆದುಕೊಳ್ಳುತ್ತದೆ. 5 ಅಗಲ, 6 ಎತ್ತರದ ಮನೆಗಳಿರುವ ಹಾಳೆಯನ್ನು ಕಂಪ್ಯೂಟರಿನಲ್ಲಿ ಮಾಡಿ ಪ್ರಿಂಟ್ ತೆಗೆದುಕೊಳ್ಳಿ. ಎಕ್ಸೆಲ್‌ನಲ್ಲಿ ಐದು ನಿಮಿಷದ ಕೆಲಸ.

ಅಳತೆ ಮುಖದಿಂದ ಬರಲಿ

"ಎಷ್ಟು ಎತ್ತರ ಮಾಡಲಿ?" ಅಂತ ಕೇಳಿಕೊಂಡು ಪಾದದಿಂದ ಕಟ್ಟಲು ಹೊರಡುವವರೇ ಜಾಸ್ತಿ. ನನ್ನ ಪ್ರಕಾರ ಅದು ತಿರುಗುಮುರುಗು. ಕಣ್ಣು ಎಷ್ಟು ಸಣ್ಣದಾಗಿ ಚೆನ್ನಾಗಿ ಮಾಡಬಹುದು ಅನ್ನುವುದರ ಮೇಲೆ ಇಡೀ ಗೊಂಬೆಯ ಅಳತೆ ನಿಲ್ಲುತ್ತದೆ. ಮೈಯಲ್ಲಿ ಎರಡು ಸ್ಟಡ್ ಆಚೀಚೆ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ಕಣ್ಣಲ್ಲಿ ಒಂದು ಸ್ಟಡ್ ಆಚೀಚೆ ಆದರೆ ರಾಜ ಬೇರೆ ಯಾರೋ ಆಗಿಬಿಡುತ್ತಾನೆ.

ಬಿಳಿ ಗುಡ್ಡೆ, ನಡುವೆ ಕಪ್ಪು ಪಾಪೆ, ತುದಿಯಲ್ಲಿ ಬಾದಾಮಿಯ ಮೊನೆ, ಇಷ್ಟು ಕಾಣಬೇಕಾದರೆ ಕಣ್ಣಿಗೆ ಕನಿಷ್ಠ ಮೂರು ಸ್ಟಡ್ ಅಗಲ ಬೇಕು. ಎರಡು ಕಣ್ಣಿಗೆ ಆರು, ನಡುವೆ ಮೂಗಿಗೆ ಎರಡು, ಎರಡೂ ಪಕ್ಕಕ್ಕೆ ಮೂರು ಮೂರು. ಒಟ್ಟು 14 ಸ್ಟಡ್. ಮುಖದ ಅಗಲ 11.2 ಸೆಂಟಿಮೀಟರ್ ಅಂತ ಆಯಿತು. ಗೊಂಬೆಯ ತಲೆ ಮನುಷ್ಯರದಕ್ಕಿಂತ ಸ್ವಲ್ಪ ದೊಡ್ಡದೇ ಇರಬೇಕು, ಚಂದ. ಉಳಿದದ್ದನ್ನು ಹೀಗೆ ಹಂಚಿ:

- ಪಂಚೆ: 22 ಬ್ರಿಕ್ ಎತ್ತರ
- ಕೋಟು, ಹೆಗಲವರೆಗೆ: 18 ಬ್ರಿಕ್
- ಕತ್ತು ಮತ್ತು ಮುಖ: 12 ಬ್ರಿಕ್
- ಪೇಟ: 8 ಬ್ರಿಕ್

ಒಟ್ಟು 60 ಬ್ರಿಕ್, ಅಂದರೆ 57.6 ಸೆಂಟಿಮೀಟರ್. ಕೆಳಗಿನ ಪೀಠ ಸೇರಿದರೆ ಎರಡಡಿಗೆ ಒಂದು ಬೆರಳು ಕಮ್ಮಿ. ಹೆಗಲ ಅಗಲ ತೋಳು ಸೇರಿ 26 ಸ್ಟಡ್, ಎದೆಯಿಂದ ಬೆನ್ನಿಗೆ 16 ಸ್ಟಡ್ ಇಟ್ಟುಕೊಳ್ಳಿ.

ಮುಖದ ಅಗಲ ಸಮಸಂಖ್ಯೆಯೋ ಬೆಸಸಂಖ್ಯೆಯೋ ಅನ್ನುವುದನ್ನು ಈಗಲೇ ತೀರ್ಮಾನ ಮಾಡಿ. 14 ಸಮಸಂಖ್ಯೆ, ಹಾಗಾಗಿ ಸರಿ ಮಧ್ಯದಲ್ಲಿ ಸ್ಟಡ್ ಇರುವುದಿಲ್ಲ, ಗೆರೆ ಇರುತ್ತದೆ. ಎರಡು ಸ್ಟಡ್‌ನ ಮೂಗಿಗೆ ಅದು ಸರಿ. ಆದರೆ ಹಣೆಯ ತಿಲಕ ಒಂದೇ ಸ್ಟಡ್ ಅಗಲ, ಅದನ್ನು ಮಧ್ಯಕ್ಕೆ ತರಬೇಕಾದರೆ ಜಂಪರ್ ಪ್ಲೇಟ್ ಬೇಕು. ಎರಡು ಸ್ಟಡ್ ಉದ್ದ ಇದ್ದು ನಡುವೆ ಒಂದೇ ಸ್ಟಡ್ ಇರುವ ಪ್ಲೇಟ್ ಅದು. ಅರ್ಧ ಸ್ಟಡ್ ಸರಿಸಬೇಕಾದ ಕಡೆಯೆಲ್ಲ ಅದೇ ಕೆಲಸಕ್ಕೆ ಬರುತ್ತದೆ. ಒಂದಷ್ಟು ಜಾಸ್ತಿಯೇ ತರಿಸಿಕೊಳ್ಳಿ.

ಮೊದಲು ಪರದೆಯ ಮೇಲೆ ಕಟ್ಟಿ

ಲೆಗೋ ಭಾಗಗಳನ್ನು ಬಿಡಿಬಿಡಿಯಾಗಿ ಮಾರುವ ಜಾಲತಾಣ ಬ್ರಿಕ್‌ಲಿಂಕ್‌ನವರ ಸ್ಟುಡಿಯೋ ಅನ್ನುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ನಿಜವಾದ ಭಾಗಗಳೆಲ್ಲ ಅದರಲ್ಲಿವೆ. ಮುಂದಿನಿಂದ ಮತ್ತು ಪಕ್ಕದಿಂದ ಬರೆದ ಎರಡು ಚಿತ್ರ ಎದುರಿಗಿಟ್ಟುಕೊಂಡು ಒಂದೊಂದೇ ಪದರ ಕಟ್ಟುತ್ತಾ ಹೋಗಿ. ಮುಗಿದ ಮೇಲೆ ಯಾವ ಭಾಗ ಎಷ್ಟು ಬೇಕು ಅನ್ನುವ ಪಟ್ಟಿಯನ್ನು ಅದೇ ಕೊಡುತ್ತದೆ. ಪರದೆಯಲ್ಲಿ ಯಾವ ಭಾಗಕ್ಕೂ ಯಾವ ಬಣ್ಣವನ್ನೂ ಹಚ್ಚಬಹುದು, ಆದರೆ ಎಲ್ಲ ಭಾಗವೂ ಎಲ್ಲ ಬಣ್ಣದಲ್ಲಿ ತಯಾರಾಗುವುದಿಲ್ಲ. ಪಟ್ಟಿ ಮಾಡುವ ಮೊದಲೇ ಇದನ್ನು ನೋಡಿಕೊಳ್ಳಿ. ಚಿನ್ನದ ಬಣ್ಣಕ್ಕೆ ಈ ತೊಂದರೆ ಹೆಚ್ಚು, ಜರಿಗೆ ಸಿಗುವ ಭಾಗ ನೋಡಿಕೊಂಡೇ ಜರಿಯ ವಿನ್ಯಾಸ ಮಾಡಿ.

ಕಂಪ್ಯೂಟರ್ ಬೇಡ ಅನ್ನುವವರು ಪದರಕ್ಕೊಂದು ಹಾಳೆ ಬರೆದೂ ಕಟ್ಟಬಹುದು. ಆದರೆ ಮುಖವನ್ನು ಮಾತ್ರ ಪರದೆಯಲ್ಲಿ ಅಥವಾ ಮನೆಯಲ್ಲಿರುವ ಬ್ರಿಕ್‌ಗಳಲ್ಲೇ, ಬಣ್ಣ ಯಾವುದಾದರೂ ಸರಿ, ಮೊದಲು ಕಟ್ಟಿ ನೋಡಿ. ಆರು ಅಡಿ ದೂರ ನಿಂತು ಫೋಟೋ ತೆಗೆಯಿರಿ. ಫೋಟೋದಲ್ಲಿ ಮುಖ ಮುಖದ ಹಾಗೆ ಕಾಣದಿದ್ದರೆ ಉಳಿದ ಭಾಗಗಳಿಗೆ ದುಡ್ಡು ಹಾಕಬೇಡಿ.

ಎಷ್ಟು ಬ್ರಿಕ್, ಎಲ್ಲಿಂದ

ಒಳಗೆಲ್ಲ ತುಂಬಿಸಿ ಕಟ್ಟಬೇಕಿಲ್ಲ. ಕೋಟಿನ ಒಂದು ಪದರ 26 ಗುಣಿಸು 16, ಅಂದರೆ 416 ಸ್ಟಡ್. ಗೋಡೆ ಎರಡು ಸ್ಟಡ್ ದಪ್ಪ ಇಟ್ಟು ಒಳಗೆ ಟೊಳ್ಳು ಬಿಟ್ಟರೆ 152 ಸ್ಟಡ್ ಸಾಕು. ಕೋಟಿನ 18 ಪದರದಲ್ಲಿ ಏಳೂವರೆ ಸಾವಿರದ ಬದಲು ಎರಡು ಸಾವಿರದ ಏಳುನೂರು ಚಿಲ್ಲರೆ. ಇಡೀ ಗೊಂಬೆಗೆ ಸರಾಸರಿ ಪದರಕ್ಕೆ 110 ಸ್ಟಡ್ ಅಂದುಕೊಂಡರೆ 6,600 ಆಗುತ್ತದೆ. ಒಂದು ಬ್ರಿಕ್ ಸರಾಸರಿ ನಾಲ್ಕು ಸ್ಟಡ್ ಜಾಗ ತುಂಬುತ್ತದೆ, ಅಂದರೆ ಗೋಡೆಗೆ 1,650 ಬ್ರಿಕ್. ಒಳಗಿನ ಕಂಬ, ಮುಖದ ಸಣ್ಣಪುಟ್ಟ ಭಾಗ, ಪೀಠ ಎಲ್ಲ ಸೇರಿ 2,300ರಿಂದ 2,500 ಅಂತ ಇಟ್ಟುಕೊಳ್ಳಿ. ತೂಕ ಮೂರು ಕಿಲೋ ಆಸುಪಾಸು.

ಖರ್ಚು ಕಮ್ಮಿ ಅಂತ ಹೇಳಲಾರೆ. ಆಟಿಕೆಗಳ ಆಮದು ಸುಂಕವನ್ನು ನಮ್ಮಲ್ಲಿ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದರು. ಹೊರದೇಶದ ಅಂಗಡಿಯಿಂದ ತರಿಸುವ ಮುಂಚೆ ಸುಂಕ, ಅಂಚೆ ಎಲ್ಲ ಸೇರಿಸಿ ಲೆಕ್ಕ ಹಾಕಿ. ಅಮೆರಿಕ, ಯುರೋಪಿನಿಂದ ರಜಕ್ಕೆ ಬರುವ ನೆಂಟರಿದ್ದರೆ ಪಟ್ಟಿ ಕಳಿಸಿ, ಮೂರು ಕಿಲೋ ಸೂಟ್‌ಕೇಸಿನಲ್ಲಿ ದೊಡ್ಡ ಭಾರವೇನಲ್ಲ. ಬೆಳೆದ ಮಕ್ಕಳಿರುವ ಮನೆಗಳಲ್ಲಿ ಕಿಲೋಗಟ್ಟಲೆ ಹಳೇ ಬ್ರಿಕ್ ಸುಮ್ನೆ ಬಿದ್ದಿರುತ್ತವೆ, ಅದನ್ನೂ ವಿಚಾರಿಸಿ. ಒಳಗಿನ ಕಂಬ, ಬೆನ್ನ ಹಿಂದಿನ ಗೋಡೆಯ ಒಳಪದರ, ಇವು ಯಾವ ಬಣ್ಣವಾದರೂ ನಡೆಯುತ್ತದೆ. ಬೇರೆ ಕಂಪನಿಯ ಬ್ರಿಕ್ ಬಳಸುವುದಾದರೆ ಇಡೀ ಗೊಂಬೆಗೆ ಅದನ್ನೇ ಬಳಸಿ. ಒಂದೇ ಗೋಡೆಯಲ್ಲಿ ಎರಡು ಕಂಪನಿ ಬೆರೆಸಬೇಡಿ. ಕೂದಲೆಳೆಯಷ್ಟು ವ್ಯತ್ಯಾಸವೂ ಅರವತ್ತು ಪದರ ಏರುವಷ್ಟರಲ್ಲಿ ಕಣ್ಣಿಗೆ ಬೀಳುವ ಓರೆಯಾಗುತ್ತದೆ.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಪಟ್ಟದ ಗೊಂಬೆ ರಕ್ತಚಂದನದ ಮರದ್ದು, ಹಾಗಾಗಿ ಮೈಬಣ್ಣಕ್ಕೆ ಲೆಗೋದ ಕೆಂಗಂದು ತುಂಬ ಒಪ್ಪುತ್ತದೆ. ಆದರೆ ಈ ಬಣ್ಣದ ಹಳೇ ಬ್ರಿಕ್‌ಗಳು, ಕಡುಗೆಂಪಿನವೂ ಅಷ್ಟೇ, ಕಳಚುವಾಗ ಪಟ್ ಅಂತ ಸೀಳುತ್ತವೆ. ಮುಖಕ್ಕೆ ಹೊಸದನ್ನೇ ತೆಗೆದುಕೊಳ್ಳಿ. ಕೋಟಿಗೆ ಕಪ್ಪು, ಪಂಚೆ ಮತ್ತು ಪೇಟಕ್ಕೆ ಬಿಳಿ, ಇವೆರಡೂ ಬಣ್ಣ ಧಾರಾಳವಾಗಿ ಸಿಗುತ್ತವೆ. ಎಲ್ಲದರಲ್ಲೂ ಹತ್ತರಲ್ಲೊಂದು ಪಾಲು ಜಾಸ್ತಿ ತರಿಸಿ.

ಬ್ರಿಕ್ ಬಂದ ಮೇಲೆ ಆಕಾರದ ಪ್ರಕಾರ ಬೇರೆ ಮಾಡಿ, ಬಣ್ಣದ ಪ್ರಕಾರ ಅಲ್ಲ. ಕಪ್ಪು ರಾಶಿಯಲ್ಲಿ ಸಣ್ಣ ಕಪ್ಪು ತುಂಡು ಹುಡುಕುವುದು ಕಷ್ಟ. ಬೇರೆ ಬೇರೆ ಬಣ್ಣದ ಒಂದೇ ಆಕಾರದ ರಾಶಿಯಲ್ಲಿ ಕಪ್ಪು ತಕ್ಷಣ ಕಾಣುತ್ತದೆ. ಖಾಲಿ ಐಸ್‌ಕ್ರೀಮ್ ಡಬ್ಬಿಗಳು ಇದಕ್ಕೆ ಸಾಕು.

ಪೀಠ ಮತ್ತು ಕಂಬ

2012ರಲ್ಲಿ ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯಲ್ಲಿ ಉದ್ದಗಲ ಎರಡೆರಡು ಸ್ಟಡ್ ಇರುವ ಒಂದು ಬ್ರಿಕ್ ಮೇಲೆ ಭಾರ ಹಾಕಿ ನೋಡಿದರು. ಸುಮಾರು 430 ಕಿಲೋವರೆಗೆ ಅದು ತಡೆದುಕೊಂಡಿತು. ಹಾಗಾಗಿ ಗೊಂಬೆಯ ಭಾರಕ್ಕೆ ಕೆಳಗಿನ ಬ್ರಿಕ್ ಜಜ್ಜಿಹೋಗುತ್ತದೆ ಅನ್ನುವ ಭಯ ಬೇಡ. ಗೊಂಬೆ ಕೆಡುವುದು ಬೇರೆ ಎರಡು ಕಾರಣಕ್ಕೆ. ಒಂದು, ಪದರಗಳು ಒಂದನ್ನೊಂದು ಹಿಡಿದುಕೊಂಡಿರುವುದಿಲ್ಲ. ಇನ್ನೊಂದು, ಯಾರೋ ಪಕ್ಕದಿಂದ ತಾಕುತ್ತಾರೆ.

ಪೀಠ 32 ಗುಣಿಸು 32 ಸ್ಟಡ್, ಅಂದರೆ 25.6 ಸೆಂಟಿಮೀಟರ್ ಚೌಕ. ತೆಳ್ಳನೆಯ ಬೇಸ್‌ಪ್ಲೇಟ್ ಒಂದನ್ನೇ ನಂಬಬೇಡಿ, ಎತ್ತಿದರೆ ಬಾಗುತ್ತದೆ. ಪ್ಲೇಟ್‌ಗಳನ್ನು ಒಂದು ಪದರ ಉದ್ದಕ್ಕೆ, ಅದರ ಮೇಲೆ ಒಂದು ಪದರ ಅಡ್ಡಕ್ಕೆ ಹಾಕಿ. ಮೇಲೊಂದು ಪದರ ಬ್ರಿಕ್, ಮತ್ತೆ ಒಂದು ಪದರ ಪ್ಲೇಟ್. ಒಟ್ಟು ಎರಡು ಬ್ರಿಕ್ ಎತ್ತರ.

ಗೋಡೆಗೆ ನಿಯಮ ಒಂದೇ. ಗಾರೆ ಮೇಸ್ತ್ರಿ ಇಟ್ಟಿಗೆ ಇಡುವ ಹಾಗೆ, ಜಾಯಿಂಟ್ ಮೇಲೆ ಜಾಯಿಂಟ್ ಬರಬಾರದು. ಮೂಲೆಯಲ್ಲಿ ಒಂದು ಪದರದ ಬ್ರಿಕ್ ಈ ಕಡೆಗೆ ಹೋದರೆ ಮುಂದಿನ ಪದರದ್ದು ಆ ಕಡೆಗೆ ಹೋಗಬೇಕು. ಗೋಡೆ ಎರಡು ಸ್ಟಡ್ ದಪ್ಪ ಇರಲಿ ಅಂದದ್ದೂ ಇದಕ್ಕೇ. ಮೈ ಸೊಂಟದ ಹತ್ತಿರ ಒಳಕ್ಕೆ ಬರುವಾಗ ಪ್ರತಿ ಪದರವೂ ಒಂದು ಸ್ಟಡ್ ಒಳಗೆ ಸರಿಯುತ್ತದೆ. ಆಗಲೂ ಕೆಳಗಿನ ಪದರದ ಮೇಲೆ ಒಂದು ಸ್ಟಡ್ ಹಿಡಿತ ಉಳಿಯುತ್ತದೆ. ಒಂದೇ ಪದರಕ್ಕೆ ಎರಡು ಸ್ಟಡ್ ಸರಿಸಿದರೆ ಹಿಡಿತವೇ ಇರುವುದಿಲ್ಲ. ಅಷ್ಟು ಸರಿಸಲೇಬೇಕಾದರೆ ನಡುವೆ ಒಂದು ಪದರ ಅಗಲ ಪ್ಲೇಟ್ ಹಾಕಿ.

ಮಧ್ಯದಲ್ಲಿ ಪೀಠದಿಂದ ಪೇಟದ ಒಳಗಿನವರೆಗೆ ಆರು ಸ್ಟಡ್ ಚೌಕದ ಒಂದು ಕಂಬ ಬೇಕು. ಪ್ರತಿ ಐದಾರು ಪದರಕ್ಕೆ ಈ ಕಂಬದಿಂದ ನಾಲ್ಕೂ ಗೋಡೆಗೆ ಉದ್ದ ಪ್ಲೇಟ್‌ಗಳನ್ನು ಕಟ್ಟಿ. ಕತ್ತಿನ ಜಾಗ ತುಂಬ ಸಡಿಲ, ಅಲ್ಲಿ ಬರೀ ಸ್ಟಡ್‌ಗಳ ಹಿಡಿತ ಸಾಲದು. ತೂತು ಇರುವ ಟೆಕ್ನಿಕ್ ಬ್ರಿಕ್ ಒಂದು, ಅದರ ಮೇಲೆ ಎರಡು ಪ್ಲೇಟ್, ಅದರ ಮೇಲೆ ಮತ್ತೊಂದು ಟೆಕ್ನಿಕ್ ಬ್ರಿಕ್ ಇಡಿ. ಎರಡು ತೂತುಗಳ ನಡುವಿನ ದೂರ ಐದು ಪ್ಲೇಟ್, ಅಂದರೆ ಎರಡು ಸ್ಟಡ್. ಸಾಲಾಗಿ ತೂತುಗಳಿರುವ ಟೆಕ್ನಿಕ್ ಪಟ್ಟಿಯೊಂದನ್ನು ನೆಟ್ಟಗೆ ನಿಲ್ಲಿಸಿ ಪಿನ್ ಹಾಕಿದರೆ ತೂತಿಗೆ ತೂತು ಸರಿಯಾಗಿ ಕೂರುತ್ತದೆ. ಈ ಪಟ್ಟಿ ಎದೆಯೊಳಗಿಂದ ಗಲ್ಲದ ಹಿಂದಿನವರೆಗೆ ಹೋಗಲಿ. ಆಮೇಲೆ ತಲೆ ಅಲುಗಾಡುವುದಿಲ್ಲ.

ಪಂಚೆ, ಎದೆ, ತಲೆ ಮೂರನ್ನೂ ಬೇರೆ ಬೇರೆ ಮಾಡಲು ಬರುವ ಹಾಗೆ ಕಟ್ಟುವುದು ಜಾಣತನ. ಸೊಂಟದ ಪದರದಲ್ಲಿ ಸುತ್ತ, ನಡುವಿನ ಕಂಬದ ಮೇಲೂ, ಸ್ಟಡ್ ಇಲ್ಲದ ನುಣುಪು ಟೈಲ್ ಹಾಕಿ, ನಾಲ್ಕು ಮೂಲೆಯಲ್ಲಿ ಎರಡೆರಡು ಸ್ಟಡ್ ಮಾತ್ರ ಬಿಡಿ. ಗಟ್ಟಿಯಾಗಿಯೂ ಕೂರುತ್ತದೆ, ಎತ್ತಿದರೆ ಬಿಡುತ್ತದೆ ಕೂಡ. ತಲೆಗೆ ಈ ಟೈಲ್ ಬೇಡ, ಪಟ್ಟಿಯ ಪಿನ್ ತೆಗೆದರೆ ಅದು ಬರುತ್ತದೆ. ಪಿನ್‌ಗೆ ಕೈ ತಲುಪುವ ಹಾಗೆ ಬೆನ್ನಲ್ಲಿ ಒಂದು ಕಿಂಡಿ ಬಿಡಿ.

ಮುಖ

ಇಲ್ಲಿ ನಿಧಾನವಾಗಿ ಹೋಗಬೇಕು.

12 ಬ್ರಿಕ್ ಎತ್ತರದಲ್ಲಿ ಕತ್ತಿಗೆ ಎರಡು, ಗಲ್ಲ-ಬಾಯಿಗೆ ನಾಲ್ಕು, ಮೂಗು-ಕಣ್ಣಿಗೆ ಐದು, ಪೇಟದ ಅಂಚಿನ ಕೆಳಗೆ ಹಣೆಗೆ ಒಂದು. ಗಲ್ಲವನ್ನು ಮಾಮೂಲಿ ಬ್ರಿಕ್‌ನಲ್ಲೇ ಕಟ್ಟಿ, ಮೂಲೆಗಳಿಗೆ ತಲೆಕೆಳಗಾದ ಸ್ಲೋಪ್ (ಇಳಿಜಾರಿನ ಬ್ರಿಕ್) ಹಾಕಿದರೆ ದುಂಡಗಾಗುತ್ತದೆ. ತುಟಿಗೆ ಕಡುಗೆಂಪು ಪ್ಲೇಟ್ ಒಂದೇ ಸಾಕು, ನಾಲ್ಕು ಸ್ಟಡ್ ಉದ್ದ. ಹೆಚ್ಚು ದಪ್ಪ ಮಾಡಿದರೆ ರಾಜನ ಗಾಂಭೀರ್ಯ ಹೋಗುತ್ತದೆ.

ಕಣ್ಣಿನ ಭಾಗವನ್ನು ಮಾತ್ರ ಸ್ಟಡ್ ಮುಂದಕ್ಕೆ ಬರುವ ಹಾಗೆ ಅಡ್ಡ ಕಟ್ಟಬೇಕು. ಗುಂಡು ಪಾಪೆ, ಬಾಗಿದ ರೆಪ್ಪೆ ಇವೆಲ್ಲ ಸಿಗುವುದು ಹಾಗೆ ಕಟ್ಟಿದರೆ ಮಾತ್ರ. ಪಕ್ಕದಲ್ಲಿ ಸ್ಟಡ್ ಇರುವ ಬ್ರಿಕ್ ಒಂದನ್ನು ತೆಗೆದುಕೊಳ್ಳಿ. ಅದರ ಮೇಲೆ ಎರಡು ಪ್ಲೇಟ್. ಇದನ್ನೇ ಮೂರು ಸಲ ಪೇರಿಸಿ. ಎತ್ತರ 15 ಪ್ಲೇಟ್, ಅಂದರೆ ಐದು ಬ್ರಿಕ್, ಅಂದರೆ ಅಡ್ಡ ತಿರುಗಿಸಿದರೆ ಸರಿಯಾಗಿ ಆರು ಸ್ಟಡ್. ಇಂಥ ಐದಾರು ಕಂಬಗಳನ್ನು ಮುಖದ ಅಗಲಕ್ಕೆ ನಿಲ್ಲಿಸಿ. ಇವುಗಳ ಮುಂದಿನ ಸ್ಟಡ್‌ಗಳಿಗೆ 14 ಅಗಲ, 6 ಎತ್ತರದ ಪ್ಲೇಟ್ ಹಲಗೆಯೊಂದನ್ನು ಒತ್ತಿ ಕೂರಿಸಿ. ಒಂದು ಸೂಕ್ಷ್ಮ ಇದೆ: ಪಕ್ಕದ ಸ್ಟಡ್ ಬ್ರಿಕ್‌ನ ಸರಿ ಮಧ್ಯದಲ್ಲಿರುವುದಿಲ್ಲ, ಸ್ವಲ್ಪ ಮೇಲಿರುತ್ತದೆ. ಹಾಗಾಗಿ ಹಲಗೆ ಅರ್ಧ ಪ್ಲೇಟ್‌ನಷ್ಟು ಮೇಲಕ್ಕೆ ಏರಿ ಕೂರುತ್ತದೆ. ಮೇಲ್ಗಡೆ ಒಂದು ಪ್ಲೇಟ್ ಎತ್ತರ ಜಾಸ್ತಿ ಜಾಗ ಬಿಡಿ, ಹಣೆಯ ಎತ್ತರದಲ್ಲಿ ಅಷ್ಟನ್ನು ಕಳೆಯಿರಿ. ಉಳಿಯುವ ಸಣ್ಣ ಸಂದನ್ನು ಪೇಟದ ಅಂಚಿನ ನೆರಳು ಮುಚ್ಚುತ್ತದೆ.

ಹಲಗೆಯ ಆರು ಸಾಲನ್ನು ಕೆಳಗಿನಿಂದ ಎಣಿಸಿ. ಒಂದನೇ ಸಾಲು ಮೀಸೆ: ನಡುವಿನಿಂದ ಎರಡೂ ಕಡೆಗೆ ಕಪ್ಪು ಬಾಗಿದ ಸ್ಲೋಪ್, ತುದಿಯಲ್ಲಿ ಮೇಲಕ್ಕೆ ತಿರುಗಿದ ಹಲ್ಲಿನಾಕಾರದ ಸಣ್ಣ ತುಂಡು. ಎರಡರಿಂದ ನಾಲ್ಕನೇ ಸಾಲಿನವರೆಗೆ ಮಧ್ಯದ ಎರಡು ಸ್ಟಡ್‌ನಲ್ಲಿ ಮೂಗು, ಕೆಳಗೆ ದಪ್ಪ, ಮೇಲಕ್ಕೆ ಹೋದಂತೆ ತೆಳು. ನಾಲ್ಕು ಮತ್ತು ಐದನೇ ಸಾಲು ಕಣ್ಣು. ಆರನೆಯದು ಹುಬ್ಬು.

ಕಣ್ಣು ಮೂರು ಅಗಲ, ಎರಡು ಎತ್ತರ. ಅದರ ನಾಲ್ಕು ಮೂಲೆಗೆ ಕಾಲು ವೃತ್ತದ ಬಿಳಿ ಟೈಲ್ ಹಾಕಿ, ದುಂಡಗಿನ ಕಡೆ ಹೊರಕ್ಕೆ. ಮಧ್ಯದ ಎರಡು ಸ್ಟಡ್ ಮೇಲೆ ಜಂಪರ್ ಪ್ಲೇಟ್ ಬಿಳಿಯದ್ದು, ಅದರ ಮೇಲೆ ಕಪ್ಪು ಗುಂಡು ಟೈಲ್. ಪಾಪೆ ಒಂದು ಪ್ಲೇಟ್‌ನಷ್ಟು ಮುಂದಕ್ಕೆ ಬರುತ್ತದೆ, ಎಲ್ಲಿಂದ ನೋಡಿದರೂ ರಾಜ ನಿಮ್ಮನ್ನೇ ನೋಡುವ ಹಾಗಿರುತ್ತದೆ. ಎರಡು ಪಾಪೆಯೂ ಒಂದೇ ಎತ್ತರದಲ್ಲಿ, ಕಣ್ಣಿನ ಸರಿ ನಡುವೆ ಇರಲಿ. ಹುಬ್ಬನ್ನು ಹೊರತುದಿಯಲ್ಲಿ ಸ್ವಲ್ಪ ಮೇಲಕ್ಕೆ ಎತ್ತಿದರೆ ಗತ್ತು, ಇಳಿಸಿದರೆ ಬೇಸರ. ನನಗೆ ಗತ್ತೇ ಇಷ್ಟ.

ಕೋಟು, ಪಂಚೆ

ಇದು ಬೇಗ ಮುಗಿಯುತ್ತದೆ. ಕೋಟಿನ ಮುಂಭಾಗದಲ್ಲಿ ಪಕ್ಕದ ಸ್ಟಡ್ ಬ್ರಿಕ್‌ಗಳನ್ನು ಒಂದು ಸಾಲು ಇಟ್ಟು ಚಿನ್ನದ ಗುಂಡು ಟೈಲ್ ಹಾಕಿದರೆ ಗುಂಡಿ ಆಯಿತು. ತೋಳುಗಳನ್ನು ಹೆಗಲಿಂದ ಬೆರಳವರೆಗೆ ಮೈಯ ಜೊತೆ ಪದರ ಬೆಸೆದೇ ಕಟ್ಟಿ. ತೋಳಿನ ಗೆರೆ ಕಾಣಲು ಮೈಗೂ ತೋಳಿಗೂ ನಡುವೆ ಒಂದು ಸ್ಟಡ್ ಅಗಲದ ತೋಡು ಬಿಟ್ಟರೆ ಸಾಕು. ಪಂಚೆಯ ನಿರಿಗೆಗೆ ಪದರ ಬಿಟ್ಟು ಪದರ ಅಲ್ಲ, ಕೆಳಗಿನಿಂದ ಮೇಲಿನವರೆಗೆ ಒಂದೇ ಸಾಲಾಗಿ ಒಂದು ಸ್ಟಡ್ ಒಳಗೆ, ಎರಡು ಸ್ಟಡ್ ಹೊರಗೆ ಬರಲಿ. ಬುಡದಲ್ಲಿ ಎರಡು ಪ್ಲೇಟ್ ಚಿನ್ನದ ಅಂಚು.

ಮೈಸೂರು ಪೇಟ

ಪೇಟ ಮುಖಕ್ಕಿಂತ ಅಗಲ, 18 ಸ್ಟಡ್. ನಾಲ್ಕು ಮಡಿಕೆ, ಮಡಿಕೆಗೆ ಎರಡು ಬ್ರಿಕ್ ಎತ್ತರ. ಪ್ರತಿ ಮಡಿಕೆಯ ಮೇಲಂಚಿಗೆ ಬಿಳಿ ಬಾಗಿದ ಸ್ಲೋಪ್, ಆಗ ಬಟ್ಟೆ ಉಬ್ಬಿದ ಹಾಗೆ ಕಾಣುತ್ತದೆ. ಮೇಲಿನ ಮಡಿಕೆ ಕೆಳಗಿನದಕ್ಕಿಂತ ಅರ್ಧ ಸ್ಟಡ್ ಒಳಗೆ ಇರಲಿ, ಜಂಪರ್ ಪ್ಲೇಟ್ ಮತ್ತೆ ಇಲ್ಲಿ.

ಜರಿ ಅಡ್ಡ ಗೆರೆಯಾಗಿ ಬಂದರೆ ಪೇಟ ಹೋಗಿ ಟೋಪಿ ಆಗುತ್ತದೆ. ಓರೆಯಾಗಿ ಸುತ್ತಿದ ಹಾಗೆ ಕಾಣಬೇಕು. ನಡು ಹಣೆಯಿಂದ ಶುರು ಮಾಡಿ, ಮೂರು ಸ್ಟಡ್ ಅಗಲ ಹೋದ ಮೇಲೆ ಚಿನ್ನದ ಪ್ಲೇಟನ್ನು ಒಂದು ಪ್ಲೇಟ್ ಮೇಲಕ್ಕೆ ಏರಿಸಿ, ಮತ್ತೆ ಮೂರು ಸ್ಟಡ್, ಮತ್ತೆ ಒಂದು ಪ್ಲೇಟ್. ನಡುವಿನಿಂದ ಅಂಚಿಗೆ ಒಂಬತ್ತು ಸ್ಟಡ್, ಅಂದರೆ ಮೂರು ಮೆಟ್ಟಿಲು. ಎರಡೂ ಕಡೆ ಹೀಗೆ ಮಾಡಿದರೆ ಹಣೆಯ ಮೇಲೆ ಜರಿ ಕೂಡಿಕೊಳ್ಳುತ್ತದೆ. ಪೇಟದ ಒಳಗೆ ಕಂಬ ಬಿಟ್ಟು ಏನೂ ತುಂಬಬೇಡಿ, ಮೇಲಿನ ಭಾರ ಕಮ್ಮಿ ಇದ್ದಷ್ಟೂ ಒಳ್ಳೆಯದು.

ಅಂಟು, ಬಿಸಿಲು, ಧೂಳು

ದೊಡ್ಡ ಪ್ರದರ್ಶನಗಳಿಗೆ ಕಟ್ಟುವವರು ಅಂಟು ಹಾಕುತ್ತಾರೆ, ಸಾಗಿಸುವಾಗ ಬಿಚ್ಚದಿರಲಿ ಅಂತ. ಮನೆಗೆ ಬೇಡ. ಸೂಪರ್ ಗ್ಲೂ ಹಾಕಿದರೆ ಬ್ರಿಕ್ ಮೇಲೆ ಬಿಳಿ ಮಂಜು ಕೂರುತ್ತದೆ, ಆ ಬ್ರಿಕ್ ಮತ್ತೆ ಯಾವ ಕೆಲಸಕ್ಕೂ ಬರುವುದಿಲ್ಲ. ಬಿಗಿಯಾಗಿ ಬೆಸೆದು ಕಟ್ಟಿದ್ದರೆ ಅಂಟಿನ ಅಗತ್ಯವೂ ಇಲ್ಲ.

ನೇರ ಬಿಸಿಲು ಬೀಳುವ ಕಿಟಕಿ ಹತ್ತಿರ ಇಡಬೇಡಿ. ಬಿಳಿ ಬ್ರಿಕ್ ಹಳದಿಯಾಗುತ್ತದೆ, ಈ ಗೊಂಬೆಯಲ್ಲಿ ಅರ್ಧ ಬಿಳಿಯೇ. ಧೂಳಿಗೆ ಮೆತ್ತನೆಯ ಪೇಂಟ್ ಬ್ರಷ್ ಸಾಕು. ಬಿಚ್ಚಿ ತೊಳೆಯುವುದಾದರೆ 40 ಡಿಗ್ರಿಗಿಂತ ಬಿಸಿ ಇಲ್ಲದ ನೀರಲ್ಲಿ ಕೈಯಲ್ಲೇ ತೊಳೆಯಿರಿ, ವಾಷಿಂಗ್ ಮೆಷಿನ್‌ಗೆ ಹಾಕಬೇಡಿ.

ಮೆಟ್ಟಿಲ ಮೇಲೆ ಇಡುವಾಗ ಹಲಗೆ ಪೀಠಕ್ಕಿಂತ ಅಗಲ ಇದೆಯಾ ನೋಡಿ. ಎತ್ತುವಾಗ ಪೀಠವನ್ನೇ ಹಿಡಿದು ಎತ್ತಿ, ಹೆಗಲು ಹಿಡಿದಲ್ಲ. ಹಬ್ಬ ಮುಗಿದ ಮೇಲೆ ಮೂರು ಭಾಗ ಬೇರೆ ಮಾಡಿ, ಒಂದೊಂದನ್ನೂ ಹಳೇ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ. ಪೆಟ್ಟಿಗೆಯ ಮೇಲೆ ಯಾವ ಕಡೆ ಮೇಲೆ ಅಂತ ಬರೆಯಿರಿ.

ಪಟ್ಟದ ಗೊಂಬೆ ಒಂಟಿಯಾಗಿ ಕೂರುವುದಿಲ್ಲ, ಅಲ್ವಾ? ರಾಣಿಗೆ ಹೊಸದಾಗಿ ಲೆಕ್ಕ ಹಾಕಬೇಕಿಲ್ಲ. ಪೀಠ, ಕಂಬ, ಕತ್ತಿನ ಪಟ್ಟಿ, ಕಣ್ಣಿನ ಹಲಗೆ ಎಲ್ಲ ಇದೇ. ಪಂಚೆಯಿಂದ ಮೂರು ಪದರ ಕಳೆಯಿರಿ, ಪೇಟದ ಜಾಗದಲ್ಲಿ ನುಣುಪಾದ ಕಪ್ಪು ತಲೆಗೂದಲು, ಹಿಂದೆ ಜಡೆ. ಮೀಸೆಯ ಸಾಲಿಗೆ ಮೈಬಣ್ಣದ ಟೈಲ್, ಮೂಗಿನ ಪಕ್ಕದಲ್ಲಿ ಚಿನ್ನದ ಗುಂಡು ತುಂಡೊಂದು ಮೂಗುತಿಗೆ. ಸೀರೆಯ ಸೆರಗಿಗೆ ಪೇಟದ ಜರಿಯ ಲೆಕ್ಕವನ್ನೇ ತೆಗೆದುಕೊಳ್ಳಿ, ಆದರೆ ಏರಿಳಿತ ಜಾಸ್ತಿ ಬೇಕು: ಪ್ರತಿ ಸ್ಟಡ್‌ಗೆ ಎರಡು ಪ್ಲೇಟ್. ಎಡ ಹೆಗಲಿಂದ ಬಲ ಸೊಂಟಕ್ಕೆ ಸೆರಗು ಚೆನ್ನಾಗಿ ಇಳಿಯುತ್ತದೆ.